ಒಲೆಗಲ್ಲಿನ ಕಾವು

ಡಾಕ್ಟರ್ ಸಬನೀಸರ ಕಾರಿಗೆ ಬಣ್ಣ ಹಚ್ಚಿಸಬೇಕು ಎಂಬ ಮಾತನ್ನು ಹೊಳೆಮಣ್ಣೂರಿನಲ್ಲಿ ಮೊದಲು ಎತ್ತಿದವಳು ಅರ್ಜುನಪ್ಪ ಗೌಡರ ಹೆಂಡತಿ ರೇಣವ್ವ.

ಅದು ಐವತ್ತಾರನೆಯ ಇಸವಿಯ ಡಿಸೆಂಬರು. ತಿಂಗಳ ಹಿಂದೆಯಷ್ಟೇ ರೋಣ ತಾಲೂಕು ಮುಂಬಯಿ ಸರಕಾರವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ರೋಣದ ಸರಕಾರಿ ದವಾಖಾನೆಯ ಡಾಕ್ಟರು ಸಾತಾರೆ ಕಡೆಯವರು. ತಮ್ಮ ಸೀಮೆಗೇ ಹೋಗುತ್ತೇನೆಂದು ಬರೆದುಕೊಟ್ಟಿದ್ದರು. ಹೊಸ ಊರಿನಲ್ಲಿ ಮನೆ ನೋಡಿಕೊಂಡು ಬರಲು ಹದಿನಾಲ್ಕು ದಿನ ರಜೆ ಹಾಕಿ, ತಮ್ಮ ಕರಿ ಕಾರನ್ನು ಗೌಡರ ಅಂಗಳದಲ್ಲಿ ನಿಲ್ಲಿಸಿ, ಗೌಡರ ಚಕ್ಕಡಿಯಲ್ಲೇ ಹೊಳೆಆಲೂರ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದ್ದರು.

ಮರುದಿನ ಅಂಗಳ ಗುಡಿಸುತ್ತಿದ್ದ ರೇಣವ್ವ ಕಾರಿನ ಮುಂದೆ ಬಂದು ಕಸಬರಿಗೆ ಹಿಡಿದುಕೊಂಡೇ ನಿಂತುಬಿಟ್ಟಳು.

"ಇದನ್ನ ನೋಡಿದ್ರ ನನಗ ನಾಚಿಕಿ ಬರ್ತೈತ್ರಿ," ಎಂದಳು ಗಂಡನಿಗೆ. "ನಮ್ಮ ಸಲುವಾಗಿ ನೀರಾಗ ನಿಂತು ಇದರ ಚರ್ಮಾನ ಸುಲದ ಹೋಗೇತಿ. ಇದನ್ನ ಹಿಂಗ ತಗೊಂಡು ಅವರು ತಮ್ಮೂರಿಗೆ ಹೋಗಬೇಕೇನು?"

ಗೌಡರೂ ಕಾರಿನ ಹತ್ತಿರ ಬಂದು ನೋಡಿದರು. ಹೆಂಡತಿಯ ಮಾತು ನಿಜವಾಗಿತ್ತು. ಆ ವರ್ಷ ಶ್ರಾವಣದಲ್ಲಿ ಮಲಪ್ರಭೆ ಊರೊಳಗೆ ಬಂದಿತ್ತು. ಹೊಳೆ ಏರುತ್ತಿದೆ ಎಂದು ಸುದ್ದಿ ತಿಳಿದ ದಿನವೇ ಡಾಕ್ಟರು ಔಷಧದ ಪೆಟ್ಟಿಗೆ ತುಂಬಿಕೊಂಡು ಬಂದರು. ಅವರು ಬಂದ ಮೇಲೆ ಹಿಂದಿನ ದಾರಿ ಮುಚ್ಚಿತು. ಎತ್ತರದಲ್ಲಿದ್ದ ಶಾಲೆಯ ಕಟ್ಟಡದಲ್ಲಿ ಊರಿನವರ ಜೊತೆ ಒಂಬತ್ತು ದಿನ ಇದ್ದು, ಎಲ್ಲರೂ ನೀರು ಕುದಿಸಿಯೇ ಕುಡಿಯಬೇಕೆಂದು ಬಡಿಗೆ ಹಿಡಿದು ಕಾವಲು ಕಾದು, ಮಕ್ಕಳು ಮುದುಕರಿಗೆಲ್ಲ ಸೂಜಿ ಚುಚ್ಚಿದರು. ಇಪ್ಪತ್ತೇಳು ಮನೆ ಬಿದ್ದವು. ವಾಂತಿಭೇದಿಯಿಂದ ಒಂದು ಜೀವವೂ ಹೋಗಲಿಲ್ಲ. ಕಾರು ಮಾತ್ರ ನಾಲ್ಕು ದಿನ ಕಿಟಕಿಯವರೆಗೆ ಕೆಸರುನೀರಿನಲ್ಲಿ ನಿಂತಿತ್ತು. ಗದಗಿನ ಮಿಸ್ತ್ರಿಯೊಬ್ಬ ಬಂದು ಇಂಜಿನ್ನು ಬಿಚ್ಚಿ ತೊಳೆದು ಚಾಲೂ ಮಾಡಿಕೊಟ್ಟ. ಬಣ್ಣದ ಗೋಜಿಗೆ ಯಾರೂ ಹೋಗಲಿಲ್ಲ. ಅದು ಗುಳ್ಳೆ ಎದ್ದು, ಹೊಪ್ಪಳಿಕೆಯಾಗಿ ಉದುರಿ, ಒಳಗಿನ ತಗಡು ತುಕ್ಕು ಹಿಡಿದಿತ್ತು. ಡಾಕ್ಟರು ಅದೇ ಕಾರಿನಲ್ಲಿ ತಿರುಗಿದರು. ಒಂದು ದಿನವೂ ಅದರ ಮಾತು ಆಡಲಿಲ್ಲ.

ಅಂದು ಸಂಜೆ ಊರವರು ಗುಡಿಯ ಕಟ್ಟೆಯ ಮೇಲೆ ಕೂಡಿ ಮಾತಾಡಿದರು. ಬೇಡವೆಂದವರು ಒಬ್ಬರೂ ಇರಲಿಲ್ಲ. ಮರುದಿನ ಗೌಡರೇ ನರಗುಂದಕ್ಕೆ ಹೋಗಿ ಅಲ್ಲಾಸಾಬನನ್ನು ಕರೆತಂದರು.

ಅಲ್ಲಾಸಾಬ ನಲವತ್ತೈದರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಚಕ್ಕಡಿ, ಬಾಗಿಲು, ಅಂಗಡಿಯ ಬೋರ್ಡು, ಇವಕ್ಕೆ ಬಣ್ಣ ಹಚ್ಚುವುದು ಅವನ ಕಸುಬು. ಯುದ್ಧದ ಕಾಲದಲ್ಲಿ ಮೂರು ವರ್ಷ ಪುಣೆಯಲ್ಲಿ ಮಿಲಿಟರಿ ಲಾರಿಗಳಿಗೆ ಬಣ್ಣ ಹಚ್ಚಿದ್ದ. ಸುತ್ತಲಿನ ಊರುಗಳಲ್ಲಿ ಮೋಟಾರಿನ ಬಣ್ಣ ತಿಳಿದವನು ಅವನೊಬ್ಬನೇ. ಹುಬ್ಬಳ್ಳಿಯಿಂದ ತರಿಸಿದ್ದ ಬಣ್ಣದ ಡಬ್ಬಿಗಳು ಅವನ ಹತ್ತಿರವೇ ಇದ್ದವು. ಅವನ್ನೂ ಕುಂಚಗಳನ್ನೂ ಗೋಣಿಯಲ್ಲಿ ಸುತ್ತಿಕೊಂಡು ಬಂದ.

ಕಾರಿನ ಸುತ್ತ ಎರಡು ಸಲ ತಿರುಗಿ, ಉಗುರಿನಿಂದ ಅಲ್ಲಲ್ಲಿ ಕೆರೆದು ನೋಡಿದ.

"ಯಾವ ಬಣ್ಣ ಹಚ್ಚೂಣ್ರಿ ಗೌಡ್ರ?"

ಇಲ್ಲಿ ಊರೆಲ್ಲ ಮಾತಿಗೆ ಬಂತು. ಹಸಿರು ಹಚ್ಚಿದರೆ ಬೆಳೆ ಕಂಡ ಹಾಗೆ ಚಂದ ಎಂದು ಗೌಡರು, ನೀಲಿ ಎಂದು ರೇಣವ್ವ. ಕರಿ ಬಣ್ಣ ಶನಿದು, ದವಾಖಾನೆಯವರಿಗೆ ಅದು ಬೇಡವೇ ಬೇಡ ಎಂದು ಮುದುಕ ಗೋಣೆಪ್ಪ. ಅಲ್ಲಾಸಾಬ ಎಲ್ಲರ ಮಾತು ಮುಗಿಯುವವರೆಗೆ ಕಾದ.

"ನಾಲ್ಕು ಊರಿನವರು ದೂರಿಂದ ಈ ಗಾಡಿ ನೋಡಿ, ಡಾಕ್ಟರ್ ಬಂದ್ರು ಅಂತ ಜೀವಾ ಹಿಡಕೊಂಡಾರು. ಕರಿದಿದ್ದದ್ದು ಕರಿದ ಇರಲಿ," ಎಂದ.

ಗೋಣೆಪ್ಪನೂ ತಲೆ ಆಡಿಸಿದ.

ಗೌಡರ ದನದ ಕೊಟ್ಟಿಗೆಯನ್ನು ಖಾಲಿ ಮಾಡಿ, ನೆಲ ಸಾರಿಸಿ, ಹತ್ತು ಮಂದಿ ಕಾರನ್ನು ಒಳಗೆ ನೂಕಿದರು. ಅಲ್ಲಾಸಾಬ ಪೆಟ್ರೋಲನ್ನೆಲ್ಲ ಡಬ್ಬಿಗೆ ಇಳಿಸಿ ದೂರದ, ಕಾಳು ತುಂಬುವ ಹಗೇವಿನ ಹತ್ತಿರ ಇಡಿಸಿದ. ಮೊದಲ ಮೂರು ದಿನ ಉಸುಕಿನ ಕಾಗದ ಹಿಡಿದು ತುಕ್ಕು ತಿಕ್ಕುವುದರಲ್ಲೇ ಹೋಯಿತು. ಊರಿನ ಗಂಡಸರು ಸರದಿಯಂತೆ ಬಂದು ತಿಕ್ಕಿದರು. ತಗಡಿನ ಗುಂಡಿಗಳಿಗೆ ಪುಟ್ಟಿ ತುಂಬಿದ್ದಾಯಿತು. ನಾಲ್ಕನೆಯ ದಿನ ಅಡಿಬಣ್ಣವಾಗಿ ಕೆಂಪು ಅಸ್ತರು ಬಳಿದು, ಮಧ್ಯಾಹ್ನದ ಬಿಸಿಲಿಗೆ ಕಾರನ್ನು ಹೊರಗೆಳೆದು ಒಣಗಿಸಿದರು. ಅಸ್ತರಿನ ಮೇಲೆ ಧೂಳು ಕೂತರೂ ತಿಕ್ಕಿ ತೆಗೆಯಬಹುದು. ಮೇಲಿನ ಕರಿ ಬಣ್ಣಕ್ಕೆ ಅದು ನಡೆಯುವುದಿಲ್ಲ. ಕರಿ ಬಣ್ಣ ಒಂದು ಕೂದಲು ಬಿದ್ದರೂ ತೋರಿಸುತ್ತದೆ. ಅದನ್ನು ಮುಚ್ಚಿದ ಬಾಗಿಲೊಳಗೇ ಹಚ್ಚಿ ಒಳಗೇ ಒಣಗಿಸಬೇಕು.

ಐದನೆಯ ದಿನ ಅಲ್ಲಾಸಾಬ ಸ್ನಾನ ಮಾಡಿ ಬಂದು, ಉಸಿರು ಬಿಗಿಹಿಡಿದಂತೆ ಒಂದು ಕೈ ಕರಿ ಬಣ್ಣ ಹಚ್ಚಿದ. ಕಿಂಡಿಯಿಂದ ಇಣುಕಿದ ರೇಣವ್ವನಿಗೆ ಕಾರು ಆಗಷ್ಟೇ ಎಣ್ಣೆಯಲ್ಲಿ ಮಿಂದಂತೆ ಕಂಡಿತು.

ಆದರೆ ಅದು ಒಣಗಲಿಲ್ಲ.

ಆ ದಿನವೇ ಮೋಡ ಮುಸುಕಿತು. ಹೊಳೆಯ ಮೇಲಿನಿಂದ ಬೆಳಗಿನ ಹೊತ್ತು ಮಂಜು ಎದ್ದು ಬಂದು, ಸೂರ್ಯ ನೆತ್ತಿಗೇರುವವರೆಗೂ ಊರು ಬಿಡುತ್ತಿರಲಿಲ್ಲ. ಹೊಳೆನೀರು ಕುಡಿದಿದ್ದ ಕೊಟ್ಟಿಗೆಯ ಮಣ್ಣಿನ ಗೋಡೆಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಕೈ ಇಟ್ಟರೆ ತಂಪು ತಾಗುತ್ತಿತ್ತು. ಆರನೆಯ ದಿನ ಅಲ್ಲಾಸಾಬ ಮಡ್‌ಗಾರ್ಡಿನ ಒಂದು ಮೂಲೆಯಲ್ಲಿ ಬೆರಳು ಇಟ್ಟ. ಬೆರಳಚ್ಚು ಮೂಡಿತು. ಏಳನೆಯ ದಿನವೂ ಹಾಗೆಯೇ. ಮಂಜು ಕೂತು ಹೊಳಪು ಹೋಗಿ ಬಣ್ಣ ಬೂದಿ ಬಡಿದಂತಾಗಿತ್ತು. ಸಣ್ಣ ಸಣ್ಣ ಹುಳ ಬಂದು ಅಂಟಿಕೊಂಡು ಸತ್ತಿದ್ದವು.

"ಪುಣೇದಾಗ ಹ್ಯಾಂಗ ಮಾಡ್ತಿದ್ರಿ ಸಾಬರ?" ಎಂದು ಗೌಡರು ಕೇಳಿದರು.

"ಅಲ್ಲಿ ದೊಡ್ಡ ಖೋಲಿ ಇತ್ತರಿ. ಕರೆಂಟಿನಾಗ ಬಿಸಿ ಗಾಳಿ ಬಿಡ್ತಿದ್ರು. ಎಂಥಾ ಥಂಡಿ ಇದ್ರೂ ಸಂಜಿಯೊಳಗ ಬಣ್ಣ ಗಟ್ಟಿ ಆಗ್ತಿತ್ತು. ಬಣ್ಣ ಅಂದ್ರ ಹಿಟ್ಟಿದ್ದಂಗರಿ ಗೌಡ್ರ, ಕಾವ ಇಲ್ಲಂದ್ರ ಹಸೀನ ಉಳೀತದ."

ಹೊಳೆಮಣ್ಣೂರಿಗೆ ಕರೆಂಟು ಬಂದಿರಲಿಲ್ಲ. ಡಾಕ್ಟರು ಬರಲು ಐದೇ ದಿನ ಉಳಿದಿತ್ತು.

ಅಲ್ಲಾಸಾಬ ಮಧ್ಯಾಹ್ನ ಊಟ ಮಾಡಲಿಲ್ಲ. ಊರಲ್ಲಿ ಸಿಕ್ಕ ನಾಲ್ಕು ಶೇಗಡಿ ಒಲೆ ತಂದು, ಇದ್ದಿಲು ತುಂಬಿ, ಹೊರಗೆ ಹೊತ್ತಿಸಿ, ಹೊಗೆ ನಿಂತ ಮೇಲೆ ಕೊಟ್ಟಿಗೆಯ ನಾಲ್ಕು ಮೂಲೆಗೆ ಇಟ್ಟ. ಬಣ್ಣದಲ್ಲಿದ್ದ ಟರ್ಪಂಟೈನು ಹಾರಿಹೋಗಿ ಎರಡು ದಿನವಾಗಿದ್ದರಿಂದ ಬೆಂಕಿ ಹತ್ತುವ ಭಯ ಇರಲಿಲ್ಲ. ಕಾವು ಹೊರಗೆ ಹೋಗಬಾರದೆಂದು ಬಾಗಿಲು ಹಾಕಿ, ಕಿಂಡಿಗಳಿಗೆ ಗೋಣಿ ತುರುಕಿದ. ಬೂದಿ ಹಾರಿ ಬಣ್ಣದ ಮೇಲೆ ಕೂರದಂತೆ ನೋಡಿಕೊಳ್ಳಲು ತಾನೂ ಒಳಗೇ ಕೂತ.

ಆ ಹೊತ್ತಿಗೆ ಹುಚ್ಚವ್ವ ಸಗಣಿ ಬುಟ್ಟಿ ಹೊತ್ತು ಆ ದಾರಿಯಲ್ಲಿ ಬಂದದ್ದು ಅಲ್ಲಾಸಾಬನ ಪುಣ್ಯ.

ಹುಚ್ಚವ್ವ ಊರಿನ ಸೂಲಗಿತ್ತಿ. ಅರವತ್ತು ದಾಟಿದ್ದಳು. ಹೊಳೆಮಣ್ಣೂರಿನ ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿತ್ತು. ಕೊಟ್ಟಿಗೆಯ ಕಿಂಡಿಗಳೆಲ್ಲ ಮುಚ್ಚಿದ್ದು ಕಂಡು ನಿಂತಳು. ಬಾಗಿಲಿಗೆ ಕೈ ಇಟ್ಟಳು. ಹಲಗೆ ಬಿಸಿಯಾಗಿತ್ತು.

"ಸಾಬಣ್ಣಾ!"

ಉತ್ತರವಿಲ್ಲ.

"ಏ ತಮ್ಮಾ! ಒಳಗ ಅದೀಯೇನು?"

ಬುಟ್ಟಿ ಅಲ್ಲೇ ಕೆಡವಿ, ರೇಣವ್ವನನ್ನು ಕೂಗಿ, ಇಬ್ಬರೂ ಭುಜ ಕೊಟ್ಟು ಬಾಗಿಲು ನೂಕಿದರು. ಅಲ್ಲಾಸಾಬ ಕಾರಿನ ಚಕ್ರಕ್ಕೆ ಒರಗಿ ತಲೆ ಎದೆಗೆ ಬಿಟ್ಟು ಕೂತಿದ್ದ. ಕಣ್ಣು ಅರ್ಧ ತೆರೆದಿದ್ದವು, ಆದರೆ ಎದುರಿಗಿದ್ದವರು ಅವನಿಗೆ ಕಾಣುತ್ತಿರಲಿಲ್ಲ. ಹುಚ್ಚವ್ವ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ನುಗ್ಗಿ ಅವನ ಎರಡೂ ಕಂಕುಳಲ್ಲಿ ಕೈ ಹಾಕಿದಳು. ರೇಣವ್ವ ಕಾಲು ಹಿಡಿದಳು. ಇಬ್ಬರೂ ಸೇರಿ ಅಂಗಳಕ್ಕೆ ಎಳೆತಂದು ಗಾಳಿಗೆ ಮಲಗಿಸಿದರು.

"ಸುತ್ತ ನಿಂದ್ರಬ್ಯಾಡ್ರಿ! ಗಾಳಿ ಬರ್ಲಿ!" ಎಂದು ಹುಚ್ಚವ್ವ ಕೂಡಿದವರನ್ನು ಗದರಿಸಿದಳು. ಅಂಗಿಯ ಗುಂಡಿ ಬಿಚ್ಚಿ, ಮೊರದಿಂದ ಬೀಸಿ, ಅವನ ಕೆನ್ನೆ ತಟ್ಟುತ್ತಾ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಅವನು ಒಂದು ದೊಡ್ಡ ಉಸಿರೆಳೆದು, ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡ.

"ಉಳದ," ಎಂದಳು ಹುಚ್ಚವ್ವ. ಹಾಗೆ ಅಂದವಳು ಮೊರ ಕೆಳಗಿಟ್ಟು ಅಲ್ಲೇ ನೆಲಕ್ಕೆ ಕೂತಳು.

ಸಂಜೆಗೆ ಅಲ್ಲಾಸಾಬನಿಗೆ ಎದ್ದು ಕೂರುವಷ್ಟು ತ್ರಾಣ ಬಂತು. ತಲೆ ಸಿಡಿಯುತ್ತಿತ್ತು. ರೇಣವ್ವ ಕೊಟ್ಟ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿದ. ಎದುರಿಗೆ ಕೂತಿದ್ದ ಹುಚ್ಚವ್ವನನ್ನು ನೋಡಿ ಕೈ ಮುಗಿದ.

"ಹೊಗಿ ಇರ್ಲಿಲ್ಲವ್ವಾ," ಎಂದ. "ಒಂದೀಟೂ ಹೊಗಿ ಇರ್ಲಿಲ್ಲ. ನಿದ್ದಿ ಬಂದಂಗಾತು. ಏಳಬೇಕಂದ್ರ ಕಾಲ ನನ್ನವಲ್ಲ."

"ಗೊತ್ತೈತಿ," ಎಂದಳು ಹುಚ್ಚವ್ವ. "ಹೊಗಿ ಇಲ್ಲದ ಕೆಂಡಾನ ಮೋಸಗಾರ."

ಆಮೇಲೆ ಅವಳು ಹೇಳಿದ್ದು ರೇಣವ್ವನಿಗೆ ಗೊತ್ತಿದ್ದ ಸಂಗತಿಯೇ. ಆದರೆ ಹುಚ್ಚವ್ವ ಅದನ್ನು ತಾನಾಗಿ ಬಾಯಿ ಬಿಟ್ಟು ಹೇಳಿದ್ದು ಅಂದೇ ಮೊದಲು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅವಳ ಮೊಮ್ಮಗಳೇ ಬಾಣಂತಿಯಾಗಿದ್ದಳು. ಹಿರಿಯರು ಮಾಡಿದಂತೆಯೇ ಹುಚ್ಚವ್ವ ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟು ಬಾಗಿಲು ಕಿಂಡಿ ಭದ್ರ ಮಾಡಿದ್ದಳು. ಬೆಳಗ್ಗೆ ನೋಡಿದರೆ ತಾಯಿ ಕೂಸು ಎರಡಕ್ಕೂ ಎಚ್ಚರವಿಲ್ಲ. ಅದೃಷ್ಟಕ್ಕೆ ಡಾಕ್ಟರ್ ಸಬನೀಸರು ಅಂದು ಊರಲ್ಲಿದ್ದರು. ಇಬ್ಬರನ್ನೂ ಹೊರಗೆ ಎತ್ತಿಕೊಂಡು ಬಂದು ಉಳಿಸಿದರು. ಉಳಿಸಿದ ಮೇಲೆ, ಇಡೀ ಓಣಿಯ ಮುಂದೆ ಹುಚ್ಚವ್ವನಿಗೆ ಬೈದರು.

"ಎರಡ ಜೀವಾ ಕೊಲ್ಲಾಕ ಹೊಂಟಿದ್ದಿ ಅಂದ್ರು. ನನಗ! ನೂರಾರು ಕೂಸು ಎತ್ತಿಕೊಂಡ ಈ ಕೈಗೆ! ಅವತ್ತಿನಿಂದ ಅವರ ಮುಂದ ನಾ ಹೋಗಿಲ್ಲ. ಹೊಳಿ ಬಂದಾಗೂ ಮೂಲ್ಯಾಗ ಕೂತಿದ್ದೆ."

"ಹಂಗಾದ್ರ ಬಾಣಂತಿ ಖೋಲಿ ಈಗ ಹ್ಯಾಂಗ ಬೆಚ್ಚಗ ಇಡ್ತೀಯವ್ವಾ?" ಎಂದು ಅಲ್ಲಾಸಾಬ ಕೇಳಿದ. ತಲೆನೋವಿನಲ್ಲೂ ಅವನ ಮನಸ್ಸು ಕೊಟ್ಟಿಗೆಯಲ್ಲೇ ಇತ್ತು.

"ಕಲ್ಲಿನಿಂದ," ಎಂದಳು. "ಬೆಂಕಿ ಹೊರಗ. ಕಲ್ಲು ಹೊರಗ ಕಾಸೋದು, ಒಳಗ ಇಡೋದು. ಆರಿದ್ದ ತಗಿಯೋದು, ಕಾದಿದ್ದ ಇಡೋದು. ಕಲ್ಲು ಉಸಿರಾಡೂದಿಲ್ಲ. ಕಾವ ಅಷ್ಟ ಕೊಡ್ತೈತಿ."

ಅಲ್ಲಾಸಾಬ ಗಂಜಿಯ ಬಟ್ಟಲು ಕೆಳಗಿಟ್ಟ.

"ಕಲ್ಲಿಗೆ ಬೂದಿನೂ ಇಲ್ಲ," ಎಂದ ಮೆಲ್ಲಗೆ. "ಮಸಿನೂ ಇಲ್ಲ."

ಮರುದಿನ, ಎಂಟನೆಯ ದಿನ, ಅವನು ಹಾಳಾದ ಬಣ್ಣವನ್ನೆಲ್ಲ ಟರ್ಪಂಟೈನಿನಲ್ಲಿ ನೆನೆಸಿದ ಅರಿವೆಯಿಂದ ಒರೆಸಿ ತೆಗೆದ. ಈ ಸಲ ಬಾಗಿಲ ಎರಡೂ ಕದ ತೆರೆದಿದ್ದವು. ಹುಚ್ಚವ್ವ ಅತ್ತ ಕಲ್ಲು ಕೂಡಿಸುವ ಕೆಲಸಕ್ಕೆ ನಿಂತಳು. ಹುಡುಗಾಟದ ಉಮೇದಿನಲ್ಲಿ ಕೆಲವರು ಹೊಳೆಯ ದಂಡೆಯಿಂದ ನುಣುಪಾದ ಗುಂಡುಗಲ್ಲು ಹೊತ್ತು ತಂದರು. ಅವಳು ಅವನ್ನು ಮುಟ್ಟಲೂ ಇಲ್ಲ.

"ಹೊಳಿ ಕಲ್ಲ ಒಳಗ ನೀರ ಇಟಗೊಂಡಿರ್ತಾವ. ಬೆಂಕ್ಯಾಗ ಹಾಕಿದ್ರ ಸಿಡದ ಕಣ್ಣ ಹೋದಾವು. ಬೆಂಕಿ ಕಂಡ ಕಲ್ಲ ಬೇಕು. ಒಲಿಗಲ್ಲ ತರ್ರಿ."

ಬೆಂಕಿ ಕಂಡ ಕಲ್ಲು ಊರಲ್ಲಿ ಬೇಕಾದಷ್ಟು ಇದ್ದವು. ಬಿದ್ದ ಇಪ್ಪತ್ತೇಳು ಮನೆಗಳ ಒಲೆಗಳು ರಾಡಿಯೊಳಗೆ ಹೂತುಹೋಗಿದ್ದವು. ಆ ಮನೆಯವರು ಒಬ್ಬೊಬ್ಬರಾಗಿ ಗುದ್ದಲಿ ಹಿಡಿದು ತಮ್ಮ ಮನೆ ಇದ್ದ ಜಾಗಕ್ಕೆ ಹೋದರು. ನಾಲ್ಕು ತಿಂಗಳಿಂದ ಅತ್ತ ಹೆಜ್ಜೆ ಇಡದವರೂ ಹೋದರು. ಮಸಿ ಹಿಡಿದ ಕಲ್ಲುಗಳನ್ನು ಅಗೆದು ತೆಗೆದು, ತೊಳೆದು, ಗೌಡರ ಅಂಗಳದಲ್ಲಿ ಸಾಲಾಗಿ ಇಟ್ಟರು. ನೀಲವ್ವ ಎಂಬವಳು ಮೂರು ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಗಂಡ ಇಲ್ಲದ ಹೆಣ್ಣು; ನೆರೆಯಲ್ಲಿ ಮನೆ ಹೋದ ಮೇಲೆ ಅಣ್ಣನ ಮನೆಯಲ್ಲಿದ್ದಳು.

"ನಮ್ಮತ್ತಿ ಹೂಡಿದ ಒಲಿ ಇದು," ಎಂದಳು ಹುಚ್ಚವ್ವನಿಗೆ. "ನನ್ನ ಮಗನ್ನ ಉಳಿಸಿಕೊಟ್ಟಾರ ಡಾಕ್ಟರು. ನಂದೂ ಮೂರು ಕಲ್ಲ ಇರ್ಲಿ."

ಹುಚ್ಚವ್ವ ಆ ಮೂರು ಕಲ್ಲುಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

ರಾಡಿಯಲ್ಲಿದ್ದ ಕಲ್ಲುಗಳು ತೇವ ಬಿಡಲೆಂದು ಅಂದು ಇಡೀ ದಿನ ಅವನ್ನು ಬೆಂಕಿಯ ಸುತ್ತ ದೂರದಲ್ಲಿ ಇಟ್ಟು, ಹೊತ್ತು ಹೊತ್ತಿಗೆ ಹೊರಳಿಸಿ ಆರಿಸಿದಳು. ಒಂಬತ್ತನೆಯ ದಿನ ಬೆಳಗ್ಗೆ ಗಾಳಿ ಬೀಸುವ ದಿಕ್ಕು ನೋಡಿ, ಕೊಟ್ಟಿಗೆಯಿಂದ ಮೂವತ್ತು ಮಾರು ಆಚೆ ತಗ್ಗು ತೋಡಿಸಿ, ಹತ್ತಿಕಟ್ಟಿಗೆ, ಸಗಣಿಯ ಕುಳ್ಳು ಒಟ್ಟಿ ಬೆಂಕಿ ಹಾಕಿಸಿದಳು. ಕಾದ ಕಲ್ಲುಗಳನ್ನು ಗಂಡಸರು ಕಬ್ಬಿಣದ ಬುಟ್ಟಿಗಳಲ್ಲಿ ಹೊತ್ತು ತಂದು ಕಾರಿನ ಸುತ್ತ, ಗಾಲಿಯ ರಬ್ಬರಿನಿಂದ ಒಂದೂವರೆ ಮೊಳ ದೂರದಲ್ಲಿ ಜೋಡಿಸಿದರು.

ಅಲ್ಲಾಸಾಬ ಮೊದಲು ಬರೀ ತಗಡನ್ನೇ ಬೆಚ್ಚಗೆ ಮಾಡಿದ. ಬಣ್ಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದ. ಬಣ್ಣ ತೆಳ್ಳಗಾಗಿ ಕುಂಚದಿಂದ ರೇಷ್ಮೆಯ ಹಾಗೆ ಇಳಿಯತೊಡಗಿತು. ಕಲ್ಲುಗಳನ್ನೆಲ್ಲ ಹೊರಗೆ ತೆಗೆಸಿ, ತೆಳುವಾಗಿ ಒಂದು ಕೈ ಹಚ್ಚಿದ. ಟರ್ಪಂಟೈನಿನ ವಾಸನೆ ಕಡಿಮೆಯಾಗುವವರೆಗೆ ಬಾಗಿಲು ತೆರೆದೇ ಇರಿಸಿ, ಯಾರೂ ಬೀಡಿ ಹಚ್ಚಿಕೊಂಡು ಹತ್ತಿರ ಬರದಂತೆ ಗೋಣೆಪ್ಪನನ್ನು ಕಾವಲಿಗೆ ಕೂರಿಸಿದ. ಆಮೇಲೆ ಕಲ್ಲುಗಳು ಮತ್ತೆ ಒಳಗೆ ಬಂದವು. ಕಿಂಡಿಗಳು ತೆರೆದೇ ಇದ್ದವು. ಧೂಳು ಬಾರದಂತೆ ತೆಳು ಬಟ್ಟೆ ಕಟ್ಟಿದ್ದರು.

ಕಾವು ಎಷ್ಟಿರಬೇಕು ಎಂಬುದನ್ನು ನೋಡುವವಳು ಹುಚ್ಚವ್ವ. ಅವಳು ತಗಡಿನ ಹತ್ತಿರ ಮುಂಗೈಯ ಹಿಂಬದಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು.

"ಕೂಸಿಗೆ ಎರಿಯೋ ನೀರಿಗಿಂತ ತುಸು ಹೆಚ್ಚ. ಅಷ್ಟ ಸಾಕಲ್ಲ ತಮ್ಮಾ?"

"ಅಷ್ಟ ಸಾಕವ್ವಾ. ಅದಕ್ಕಿಂತ ಹೆಚ್ಚಾದ್ರ ಮ್ಯಾಲಿಂದ ಗಟ್ಟಿ ಆಗಿ ಒಳಗ ಹಸಿ ಉಳೀತದ. ಗುಳ್ಳಿ ಏಳ್ತದ."

ಗೌಡರಿಗೆ ಆ ತಾಳ್ಮೆ ಇರಲಿಲ್ಲ. ಹುಚ್ಚವ್ವ ಊಟಕ್ಕೆ ಹೋದಾಗ, ಲಗೂ ಆಗಲಿ ಎಂದು ಬೆಂಕಿಯ ನಡುವಿನ ಎರಡು ಕೆಂಡದಂಥ ಕಲ್ಲು ತಂದು ಹಿಂದಿನ ಮಡ್‌ಗಾರ್ಡಿನ ಬುಡಕ್ಕೇ ಇಟ್ಟರು. ಅವಳು ಬರುವಷ್ಟರಲ್ಲಿ ಅಂಗೈಯಗಲ ಬಣ್ಣ ಗುಳ್ಳೆ ಎದ್ದಿತ್ತು.

"ಗೌಡ್ರ, ನೀವು ಹೊರಗ ಹೋಗಿ ಕುಳ್ಳ ಹಾಕ್ರಿ," ಎಂದಳು ಹುಚ್ಚವ್ವ. ಊರ ಗೌಡರು ಮರುಮಾತಾಡದೆ ಹೋಗಿ ಕುಳ್ಳು ಹಾಕಿದರು. ಅಲ್ಲಾಸಾಬ ನಗುತ್ತಾ ಆ ಜಾಗವನ್ನು ಕೆರೆದು ಮತ್ತೆ ಹಚ್ಚಿದ. ಆ ಊರಿಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಅವನು ಬಾಗಿಲ ಅಂಚಿನಲ್ಲಿ, ಕಾಣದ ಕಡೆ, ಬೆರಳು ಒತ್ತಿ ನೋಡಿದ. ಗುರುತು ಮೂಡಲಿಲ್ಲ. ಇನ್ನೊಮ್ಮೆ ಒತ್ತಿದ. ಬೆರಳು ಒಣಗಿಯೇ ಇತ್ತು. "ಯಾ ಅಲ್ಲಾ," ಎಂದು ಹಣೆಯನ್ನು ಕೊಟ್ಟಿಗೆಯ ಕಂಬಕ್ಕೆ ಆನಿಸಿ ನಿಂತ.

ಹತ್ತನೆಯ ದಿನ ಹಗುರವಾಗಿ ತಿಕ್ಕಿ ಎರಡನೆಯ ಕೈ ಬಣ್ಣ. ಹನ್ನೊಂದನೆಯ ದಿನ ಬರೀ ಕಾವು, ಬೆಳಗಿನಿಂದ ಸಂಜೆಯವರೆಗೆ. ಊರಿನ ಹೆಂಗಸರು ರೊಟ್ಟಿ ಬುತ್ತಿ ಅಲ್ಲಿಗೇ ತಂದರು. ಹೊರಗೆ ಮಂಜು ಸುರಿಯುತ್ತಿದ್ದರೆ ಕೊಟ್ಟಿಗೆಯೊಳಗೆ ಯುಗಾದಿಯ ಮಧ್ಯಾಹ್ನದ ಹಾಗೆ ಬೆಚ್ಚಗಿತ್ತು. ಮಣ್ಣಿನ ಗೋಡೆಗಳೂ ಒಣಗಿ ಬಣ್ಣ ತಿಳಿಯಾಗಿದ್ದವು.

ಹನ್ನೆರಡನೆಯ ದಿನ ಮಧ್ಯಾಹ್ನ ಡಾಕ್ಟರು ಚಕ್ಕಡಿಯಿಂದ ಇಳಿದಾಗ ಕಾರು ಅಂಗಳದ ನಡುವೆ ನಿಂತಿತ್ತು. ಅವರು ಮೊದಲು ಅದನ್ನು ಬೇರೆ ಯಾರದೋ ಎಂದುಕೊಂಡು, "ಯಾರ ಬಂದಾರ?" ಎಂದು ಕೇಳಿದರು. ಹತ್ತಿರ ಹೋದರು. ಬಾಗಿಲಿನಲ್ಲಿ ತಮ್ಮ ಟೊಪ್ಪಿಗೆ, ಕನ್ನಡಕ, ಹಿಂದೆ ನಿಂತ ಊರಿನ ಮಂದಿ ಎಲ್ಲ ಕಂಡಿತು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಏನೋ ಹೇಳಲು ಹೋದರು, ಮರಾಠಿಯಲ್ಲಿ ಎರಡು ಶಬ್ದ ಬಂದು ನಿಂತವು.

ಆಮೇಲೆ ಇದ್ದಕ್ಕಿದ್ದಂತೆ ಅವರ ಹುಬ್ಬು ಗಂಟಾಯಿತು.

"ಈ ಥಂಡ್ಯಾಗ ಇದು ಒಣಗಿದ್ದು ಹ್ಯಾಂಗ? ಖೋಲಿಯೊಳಗ ಶೇಗಡಿ ಇಟ್ಟಿದ್ರಿ ಏನು?"

ಅಲ್ಲಾಸಾಬ ಮುಂದೆ ಬಂದ. "ಇಟ್ಟಿದ್ದೆರಿ ಸಾಹೇಬ್ರ. ಸತ್ತ ಹೋಗ್ತಿದ್ದೆ. ಹುಚ್ಚವ್ವ ಎಳದ ಹೊರಗ ಹಾಕಿದ್ಲು. ಆಮ್ಯಾಲೆ ಹೊರಗ ಕಲ್ಲ ಕಾಸಿ ಒಣಗಿಸೀವ್ರಿ. ಅದೂ ಆಕಿನ ಕಲಿಸಿದ್ದು. ಬಾಣಂತಿ ಖೋಲಿ ಆಕಿ ಹಂಗ ಬೆಚ್ಚಗ ಇಡ್ತಾಳಂತ. ಎರಡ ವರ್ಷಾತಂತ, ಒಳಗ ಕೆಂಡ ಇಡೂದ ಬಿಟ್ಟು."

ಡಾಕ್ಟರು ಗುಂಪಿನಲ್ಲಿ ಹುಚ್ಚವ್ವನನ್ನು ಹುಡುಕಿದರು. ಅವಳು ಅಲ್ಲಿ ಇರಲಿಲ್ಲ. "ಮನೀ ಎಲ್ಲಿ?" ಎಂದು ಕೇಳಿ ಅತ್ತ ನಡೆದರು. ಗೌಡರು, ಅಲ್ಲಾಸಾಬ ಹಿಂದೆ ಹೋದರು.

ಹುಚ್ಚವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಡಾಕ್ಟರನ್ನು ಕಂಡು ಗಡಬಡಿಸಿ ಎದ್ದು ಸೆರಗು ಸರಿ ಮಾಡಿಕೊಂಡಳು.

"ಕೆಂಡ ಇಡೂದು ಖರೇ ಬಿಟ್ಟಿ ಏನು ಬಾಯಿ?" ಡಾಕ್ಟರು ಮರಾಠಿ ರೂಢಿಯಂತೆ ಹೆಂಗಸರನ್ನು ಹಾಗೆಯೇ ಕರೆಯುತ್ತಿದ್ದರು.

"ಹೌದ್ರಿ." ಅವಳು ನೆಲ ನೋಡುತ್ತಾ ಹೇಳಿದಳು. "ನೀವು ಬೈದ ಮ್ಯಾಲ ಭಾಳ ಸಿಟ್ಟ ಬಂದಿತ್ರಿ. ನಾಕ ದಿನಾ ಸರಿ ಉಣಲಿಲ್ಲ. ಆದ್ರ ಮೊಮ್ಮಗಳ ಮಾರಿ ಕಣ್ಣಮುಂದ ಇತ್ತು. ಬಿಟ್ಟೆ."

"ಆಮ್ಯಾಲ ಎಷ್ಟ ಬಾಣಂತನ ಮಾಡೀದಿ?"

"ಹದಿನೇಳ್ರಿ. ಎಲ್ಲಾ ತಾಯಿ, ಎಲ್ಲಾ ಕೂಸು ಚಲೋ ಅದಾವು."

ಡಾಕ್ಟರು ಕಟ್ಟೆಯ ಮೇಲೆ, ಜೋಳದ ಮೊರದ ಪಕ್ಕದಲ್ಲಿ ಕೂತುಬಿಟ್ಟರು. ಕನ್ನಡಕ ತೆಗೆದು ಒರೆಸಿದರು.

"ಐದು ವರ್ಷ ಈ ತಾಲೂಕಿನ್ಯಾಗ ತಿರುಗಿ ತಿರುಗಿ ಬೈದೆ," ಎಂದರು. "ಜಕ್ಕಲಿ, ರಾಜೂರ, ಎಲ್ಲಾ ಕಡೆ. ನೀರ ಕುದಿಸ್ರಿ, ಕಿಟಕಿ ತೆರೀರಿ ಅಂತ. ಯಾರೂ ಕೇಳೂದಿಲ್ಲ ಅಂತ ಬ್ಯಾಸರಾಗಿತ್ತು. ಊರ ಬಿಟ್ಟು ಹೋಗಾಕ ಬರದು ಕೊಟ್ಟಿದ್ದೂ ಅದಕ್ಕ. ನೀ ಕೇಳಿದ್ದಿ. ಕೇಳಿ, ನನಗ ಗೊತ್ತಿಲ್ಲದ್ದ ಹಾದಿನೂ ಹುಡುಕೀದಿ." ತಡೆದು ಹೇಳಿದರು: "ಅವತ್ತು ಮಂದಿ ಮುಂದ ಹಂಗ ಅನ್ನಬಾರದಿತ್ತು. ತಪ್ಪಾತು."

ಹುಚ್ಚವ್ವ ಮೊದಲ ಸಲ ತಲೆ ಎತ್ತಿ ಅವರನ್ನು ನೋಡಿದಳು. "ನೀವು ಅಂದಿದ್ದಕ್ಕ ಹದಿನೇಳ ಮನ್ಯಾಗ ದೀಪ ಅದಾವ್ರಿ ಸಾಹೇಬ್ರ. ಇನ್ನೊಮ್ಮಿ ಬೈದ್ರೂ ಬೈಸ್ಕೊಂತೀನಿ."

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ಎದ್ದು ನಿಂತು, "ಬಾ ಬಾಯಿ, ನನ್ನ ಕೂಡ ರೋಣಕ್ಕ ಬಾ," ಎಂದರು. "ದವಾಖಾನ್ಯಾಗ ಹೊಸಾ ನರ್ಸ್ ಬಂದಾಳ, ಸುಶೀಲವ್ವ ಅಂತ. ನಾ ಊರ ಬಿಡೂದ್ರೊಳಗ ಕಲ್ಲ ಕಾಸೂದು ಆಕಿಗೆ ನೀನ ಹೇಳಿಕೊಡಬೇಕು. ನಾ ಹೇಳಿದ್ರ ಪುಸ್ತಕದ ಮಾತ ಆಗ್ತೈತಿ."

ಹುಚ್ಚವ್ವ ಬೇಡ ಬೇಡ ಎಂದಳು. ಊರೆಲ್ಲ ಸೇರಿ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿತು. ಅಲ್ಲಾಸಾಬ ಇಳಿಸಿಟ್ಟಿದ್ದ ಪೆಟ್ರೋಲನ್ನು ಮತ್ತೆ ತುಂಬಿ, ಕುಂಚದ ಗಂಟು ಹಿಡಿದು ಹಿಂದೆ ಕೂತ; ರೋಣದಿಂದ ಅವನಿಗೆ ನರಗುಂದದ ಮೋಟಾರು ಬಸ್ಸು ಸಿಗುತ್ತಿತ್ತು. ಕಾರು ಹೊರಟಾಗ ಗೌಡರು ಕೈ ಎತ್ತಿದರು, ರೇಣವ್ವ ಕಣ್ಣೊರೆಸಿಕೊಂಡಳು. ಊರ ಅಗಸೆಬಾಗಿಲು ದಾಟಿ ಎರೆಹೊಲಗಳ ನಡುವಿನ ದಾರಿಗೆ ಬಿದ್ದ ಮೇಲೆ ಮೋಡ ಸರಿದು ಬಿಸಿಲು ಬಂತು. ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಹುಚ್ಚವ್ವ ದಾರಿಯುದ್ದಕ್ಕೂ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು.

ರೋಣದ ದವಾಖಾನೆಯಲ್ಲಿ ಅವಳು ಸುಶೀಲವ್ವನ ಜೊತೆ ಬಹಳ ಹೊತ್ತು ಮಾತಾಡಿದಳು. ಎಂಥ ಕಲ್ಲು, ಎಷ್ಟು ಹೊತ್ತು, ಹೊರಸಿನಿಂದ ಎಷ್ಟು ದೂರ. ಸುಶೀಲವ್ವ ಎಲ್ಲವನ್ನೂ ಬರೆದುಕೊಂಡಳು. ಹುಚ್ಚವ್ವ ಹೊರಗೆ ಬಂದಾಗ ಅಲ್ಲಾಸಾಬ ಬೇವಿನ ಮರದ ಕೆಳಗೆ ನಿಂತಿದ್ದ. ನರಗುಂದದ ಮೋಟಾರು ಒಂದು ಆಗಲೇ ಹೋಗಿತ್ತು. ಅವನು ಹತ್ತಿರಲಿಲ್ಲ.

"ಯಾಕ ತಮ್ಮಾ, ಹೋಗಲಿಲ್ಲೇನು?"

"ನಿನ್ನ ಕಂಡು ಹೋಗೋಣಂತ ನಿಂತಿದ್ದೆ." ಅವನಿಗೆ ಮಾತು ಸುಲಭವಾಗಿ ಬರುತ್ತಿರಲಿಲ್ಲ. "ನಮ್ಮವ್ವ ನಾ ಸಣ್ಣಾವಿದ್ದಾಗನ ತೀರಿಕೊಂಡ್ಲು. ಮನ್ಯಾಗ ಜಹೀದಾ ಅಂತ ಮಗಳದಾಳ. ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಾಳ. ಅವತ್ತ ನೀ ಬಾಗಲಾ ನೂಕದಿದ್ರ ಆಕಿಗೆ ಅಪ್ಪ ಇರ್ತಿರ್ಲಿಲ್ಲ. ನಾ ಏನ ಕೊಟ್ಟರೂ ಇದು ತೀರೂ ಋಣ ಅಲ್ಲವ್ವಾ."

ಹುಚ್ಚವ್ವ ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳ ಮುಖ ಕೆಲಸದ ಮುಖವಾಗಿತ್ತು.

"ಚೊಚ್ಚಲೇನು? ಎಷ್ಟನೇ ತಿಂಗಳ ಈಗ?"

"ಏಳು ಮುಗದ ಎಂಟರಾಗ ಬಿದ್ದೈತಿ."

"ಅಂದ್ರ ಇನ್ನೂ ಥಂಡಿ ಇರ್ತೈತಿ," ಎಂದಳು. "ಹೇಳಿ ಕಳಸು. ನಾನ ಬರ್ತೀನಿ."

ಆ ಚಳಿಗಾಲ ಮುಗಿಯುವುದರೊಳಗೆ ಅಲ್ಲಾಸಾಬ ಚಕ್ಕಡಿ ಕಟ್ಟಿಸಿಕೊಂಡು ಹೊಳೆಮಣ್ಣೂರಿಗೆ ಬಂದ. ಹುಚ್ಚವ್ವ ಇಪ್ಪತ್ತು ದಿನ ನರಗುಂದದಲ್ಲಿ ಅವನ ಮನೆಯಲ್ಲಿದ್ದಳು. ಜಹೀದಾಳಿಗೆ ಹೆಣ್ಣುಕೂಸು ಹುಟ್ಟಿತು. ಕೂಸಿಗೆ ಮೊದಲ ಸಲ ಎರೆಯುವಾಗ ಅಲ್ಲಾಸಾಬನೇ ನೀರು ಕಾಯಿಸಿ ತಂದ, ಹುಚ್ಚವ್ವ ಮುಂಗೈ ಇಟ್ಟು ನೋಡಿ, ಸಾಕು ಎಂದಳು.